ಎಡಗೈ ತಾನೆ

ನನ್ನ ಎಡಗೈ ಮಣಿಕಟ್ಟಿನ ಒಳಬದಿಯಲ್ಲಿ ಒಂದು ಕಲೆ ಇದೆ. ನೋಡಿದವರು ಆಟದಲ್ಲಿ ಬಿದ್ದು ಮಾಡಿಕೊಂಡೆಯಾ ಅನ್ನುತ್ತಾರೆ. ಆಟದಲ್ಲಿ ಆಗಿದ್ದರೆ ನನಗೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ. ಇದು ನನ್ನ ಮೇಲೆ ಪ್ರಾಣವನ್ನೇ ಇಟ್ಟುಕೊಂಡವರು ಬಸ್ಸು ಹತ್ತಿಸಿ ಕರೆದುಕೊಂಡು ಹೋಗಿ, ಖಾಲಿ ಹೊಟ್ಟೆಯಲ್ಲಿ ಕೂರಿಸಿ ಹಾಕಿಸಿದ ಬರೆ.

ನಾನು ಟೆನಿಸ್ ಆಡಿ ಬದುಕುವವಳು. ಮಂಡ್ಯದಲ್ಲಿ ಹಾಗಂದರೆ, "ಅದ್ಸರಿ ಕಣವ್ವ, ಕೆಲ್ಸ ಏನ್ ಮಾಡ್ಕಂಡಿದ್ದೀಯ?" ಅನ್ನುತ್ತಾರೆ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡ. ಈ ಆಟಕ್ಕೆ ನನ್ನನ್ನು ಹಚ್ಚಿದವನು ಸೋದರಮಾವ. ಅವನಿಗೆ ಮದ್ದೂರಿನಲ್ಲಿ ಗೊಬ್ಬರದ ಅಂಗಡಿ. ಮಂಡ್ಯದಲ್ಲಿ ಸಾಹೇಬರುಗಳು ಸಂಜೆ ಹೊತ್ತು ಆಡುವ ಒಂದು ಮಣ್ಣಿನ ಕೋರ್ಟಿತ್ತು. ಬೆಳಿಗ್ಗೆ ಬೇಗ ಬಂದು ನೀರು ಚಿಮುಕಿಸಿ, ಉರುಳುಗಲ್ಲು ಎಳೆದು ಹದ ಮಾಡಿಕೊಟ್ಟರೆ ನಮ್ಮನ್ನೂ ಆಡಲು ಬಿಡುತ್ತಿದ್ದರು. ಮಾವ ಮದ್ದೂರಿನಿಂದ ಮೊಪೆಡ್ಡಿನಲ್ಲಿ ಬಂದು ಪಂಚೆ ಎತ್ತಿಕಟ್ಟಿ ಆ ಉರುಳುಗಲ್ಲು ಎಳೆದಿದ್ದಾನೆ. ಟೆನಿಸ್ಸಿನ ಅಂಕ ಹದಿನೈದು ಆದ ಮೇಲೆ ಮೂವತ್ತು ಯಾಕೆ ಅನ್ನುವುದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಆದರೆ ನಾನು ಮೊದಲ ಸಲ ಪೇಪರಿನಲ್ಲಿ ಬಂದಾಗ ಆ ಫೋಟೋಕ್ಕೆ ಕಟ್ಟು ಹಾಕಿಸಿ ಗೊಬ್ಬರದ ಮೂಟೆಗಳ ಮೇಲೆ ನೇತುಹಾಕಿದ. ಎಡಗೈಯಲ್ಲಿ ಚೆಂಡು ಮೇಲೆಸೆದು, ಬಲಗೈ ಎತ್ತಿ ಸರ್ವ್ ಮಾಡುತ್ತಿರುವ ಫೋಟೋ. ಯೂರಿಯಾ ಕೊಳ್ಳಲು ಬಂದವರು ಅದನ್ನು ನೋಡಿಯೇ ಹೋಗಬೇಕಿತ್ತು.

ಅಮ್ಮ ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಹೃದಯ, ಯಕೃತ್ತು, ಮೂತ್ರಪಿಂಡ ಎಲ್ಲವನ್ನೂ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಪಾಠ ಮಾಡುವ ಹೆಂಗಸು. ನನ್ನ ಆಟ ನೋಡಲು ಮಾತ್ರ ಬರುತ್ತಿರಲಿಲ್ಲ. ತೀರಾ ಚಿಕ್ಕವಳಿದ್ದಾಗ ಒಮ್ಮೆ ಬಂದಿದ್ದಳು, ನಾನು ಸೋತೆ. "ನನ್ ಕಣ್ಣೇ ಸರಿ ಇಲ್ಲ ಕಣೆ, ನಾನ್ ಬರಕಿಲ್ಲ" ಅಂದವಳು ಮತ್ತೆ ಬರಲಿಲ್ಲ. ನನ್ನ ಪಂದ್ಯ ಇದ್ದಾಗ ಫೋನು ಆರಿಸಿ ದೇವರ ಮುಂದೆ ಕೂರುತ್ತಿದ್ದಳು. ವಿಡಿಯೋ ಕಳಿಸಿದರೂ ತೆರೆದು ನೋಡುತ್ತಿರಲಿಲ್ಲ. ಗೆದ್ದೆ ಅಂದರೆ ಸಾಕು, ಹೇಗೆ ಗೆದ್ದೆ ಅನ್ನುವುದು ಅವಳಿಗೆ ಬೇಕಿರಲಿಲ್ಲ.

ಹೈಸ್ಕೂಲು ಮುಗಿಯುವ ಮೊದಲೇ ಬೆಂಗಳೂರಿನ ಕೋಚಿಂಗಿಗೆ ಹೋದೆ, ಅಲ್ಲಿಂದ ಊರೂರು ತಿರುಗುವ ಟೂರ್ನಿಗಳು. ರ‍್ಯಾಂಕಿಂಗ್ ಮೆಲ್ಲಗೆ ಏರುತ್ತಿತ್ತು. ಅರ್ಹತಾ ಸುತ್ತಿನ ಕಾಟವಿಲ್ಲದೆ ನೇರವಾಗಿ ಮುಖ್ಯ ಸುತ್ತಿಗೇ ಹೆಸರು ಹೋಗುವಷ್ಟು ಹತ್ತಿರ ಬಂದಿದ್ದೆ. ಅಷ್ಟರಲ್ಲಿ ಉತ್ತರದ ಯಾವುದೋ ಊರಿನ ಲಾಡ್ಜಿನ ನೀರು ಕುಡಿದು, ಕಣ್ಣು ಹಳದಿ ಮಾಡಿಕೊಂಡು ಮನೆಗೆ ಬಂದೆ. ಕಾಮಾಲೆ. ಮಂಡ್ಯದ ಡಾಕ್ಟರು ರಕ್ತ ನೋಡಿ, "ನೀರಿನಿಂದ ಬಂದಿದ್ದು. ರೆಸ್ಟ್ ತಗೊಳ್ಳಿ, ತಾನಾಗೇ ಇಳಿಯುತ್ತೆ. ಔಷಧಿ ಏನೂ ಬೇಡ" ಅಂದರು.

ಆ ಕೊನೆಯ ಮಾತೇ ಕೆಡಿಸಿದ್ದು. ಔಷಧಿಯೇ ಇಲ್ಲದ ಕಾಯಿಲೆಯನ್ನು ನಮ್ಮ ಜನ ಸುಮ್ಮನೆ ಬಿಡುವುದುಂಟೇ? ಕೊತ್ತತ್ತಿಯ ದೊಡ್ಡಮ್ಮ ಕ್ಯಾನಿನಲ್ಲಿ ಕಬ್ಬಿನ ಹಾಲು ತಂದಳು. ಇನ್ಯಾರೋ ನೆಲನೆಲ್ಲಿ ಅರೆದು ಮೇಕೆ ಹಾಲಿನಲ್ಲಿ ಕದಡಿ ತಂದರು. ಕುಡಿದೆ, ಕಕ್ಕಿದೆ, ಮತ್ತೆ ಕುಡಿದೆ. ಕೊನೆಗೆ ಪಕ್ಕದ ಮನೆಯಾಕೆ ಬಂದು ಕೂತು, ಕಾಮಾಲೆಗೆ ಬರೆ ಹಾಕಿಸದೆ ಸತ್ತುಹೋದ ಯಾರದೋ ಮಗನ ಕಥೆಯನ್ನು ನನ್ನ ಎದುರಿಗೇ ಬಿಡಿಸಿ ಬಿಡಿಸಿ ಹೇಳಿದಳು. ಅಮ್ಮನ ಮುಖ ಅವತ್ತೇ ಬದಲಾಯಿತು.

ಮಾರನೆಯ ಬೆಳಿಗ್ಗೆ ಮಾವ ಬಂದ, ಮೂವರೂ ಬಸ್ಸು ಹತ್ತಿದೆವು. ಮಳವಳ್ಳಿಯಿಂದ ಬೆಳಕವಾಡಿ ಕಡೆಗೆ ಹೋಗುವ ರಸ್ತೆಯಲ್ಲಿ ಇಳಿದು ಒಳಗೆ ನಡೆಯಬೇಕಾದ ಒಂದು ಹಳ್ಳಿ. ಊರ ಹೆಸರು ಹೇಳುವುದಿಲ್ಲ, ಊರೇನು ಮಾಡೀತು. ಬರೆ ಹಾಕುವ ಮುದುಕ ಒಳ್ಳೆಯವನೇ. ವೀಳ್ಯದೆಲೆ, ಅಡಿಕೆ ಬಿಟ್ಟರೆ ಏನನ್ನೂ ಮುಟ್ಟುವುದಿಲ್ಲವಂತೆ. ಜಗಲಿಯ ಮೇಲೆ ನನ್ನಂಥ ಹಳದಿ ಕಣ್ಣಿನವರು ಸಾಲಾಗಿ ಕೂತಿದ್ದರು. ಗಂಡಸರಿಗೆ ಬಲಗೈ, ಹೆಂಗಸರಿಗೆ ಎಡಗೈ ಅನ್ನುವುದು ಅಲ್ಲಿನ ಪದ್ಧತಿ. ಅದನ್ನು ಕೇಳಿದ್ದೇ ಮಾವನಿಗೆ ಹೋದ ಜೀವ ಬಂದಂತಾಯಿತು.

"ಎಡಗೈ ತಾನೆ ಕಣವ್ವ, ನೀನ್ ಆಡದು ಬಲಗೈಲಿ. ಎದ್ರುಕೋಬ್ಯಾಡ ಬುಡು" ಅಂದ.

"ಮಾವ, ನಂಗೆ ಎಡಗೈನೂ ಬೇಕು" ಅಂದೆ. ನಿಲ್ಲಲು ಶಕ್ತಿಯಿರಲಿಲ್ಲ, ಮಾತೂ ಅಷ್ಟೇ ಬಂದಿದ್ದು.

ಮಾವ ನಕ್ಕ. "ಚೆಂಡ್ ಮ್ಯಾಕ್ ಎಸಿಯಕ್ಕಾ? ಅದ್ಕೇನು, ವಾರದಲ್ ವಾಸಿ ಆಯ್ತದೆ."

ಅಂಗಡಿಯಲ್ಲಿ ದಿನವೂ ಆ ಫೋಟೋ ನೋಡುವವನಿಗೆ ಎಡಗೈ ಚೆಂಡು ಎಸೆಯುವುದಕ್ಕೆ ಅನ್ನುವುದಷ್ಟೇ ಗೊತ್ತಿತ್ತು. ಅಮ್ಮ ನನ್ನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು, "ಕಣ್ಮುಚ್ಕೋ ಮಗ" ಅಂದಳು. ಕಾದ ಕಬ್ಬಿಣದ ಕಡ್ಡಿ ಇಟ್ಟಾಗ ಕಿರುಚಿದೆ. ಯಕೃತ್ತಿನ ಚಿತ್ರ ಬರೆಯುವ ಕೈಯಲ್ಲೇ ಅವಳು ನನ್ನ ಮೊಣಕೈ ಅಲುಗದಂತೆ ಹಿಡಿದಿದ್ದಳು. ಗಾಯದ ಮೇಲೆ ಬರೆ ಎಳೆಯುವುದು ಅಂತ ಗಾದೆಯಲ್ಲಿ ಕೇಳಿದ್ದೆ. ಗಾಯವೇ ಇಲ್ಲದ ಕಡೆ ಎಳೆಯುವವರನ್ನು ಅವತ್ತೇ ಕಂಡಿದ್ದು.

ಕಾಮಾಲೆ ಇಳಿಯಿತು. ಡಾಕ್ಟರು ಹೇಳಿದ ಹಾಗೆ ತಾನಾಗೇ ಇಳಿಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಮಾವ ಮಾತ್ರ, "ಕಂಡ್ರಾ, ಬರೆ ಆಕಿಸಿದ್ಕೆ ಉಳ್ಕಂಡ್ಲು" ಎಂದು ಮದ್ದೂರಿನಿಂದ ದುದ್ದದವರೆಗೆ ಸಾರಿಕೊಂಡು ಬಂದ. ಅವನ ಮಾತು ಕೇಳಿ ಇನ್ನೆಷ್ಟು ಜನ ಆ ಜಗಲಿ ಹತ್ತಿದರೋ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಬರೆ ಇಳಿಯಲಿಲ್ಲ. ಕೀವಾಯಿತು, ಮೊಣಕೈವರೆಗೆ ಊದಿತು, ಇಂಜೆಕ್ಷನ್ನುಗಳಾದವು. ಮಾಯುವಾಗ ಚರ್ಮವು ಒಳಗಿನ ನರಕ್ಕೆ ಅಂಟಿಕೊಂಡು ಮಾಯಿತು. ಕೈ ಹಿಂದಕ್ಕೆ ಬಗ್ಗಿಸಿದರೆ ಅರ್ಧದಲ್ಲೇ ಹಿಡಿದುಕೊಳ್ಳುತ್ತದೆ. ಬೆಂಗಳೂರಿನ ಡಾಕ್ಟರು ಆಪರೇಷನ್ ಮಾಡಬಹುದು, ಮಾಡಿದರೂ ಮೊದಲಿನಂತೆ ಆಗುತ್ತದೆ ಅನ್ನಲಾರೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಮಾಡಿಸಿದೆ. ಮೊದಲಿನಂತೆ ಆಗಲಿಲ್ಲ.

ಟೆನಿಸ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಲಗೈಯಲ್ಲಿ ಆಡುವ ನಾನು ಎಡಕ್ಕೆ ಬಂದ ಚೆಂಡನ್ನು ಎರಡೂ ಕೈ ಸೇರಿಸಿ ಹೊಡೆಯುತ್ತಿದ್ದೆ. ಅಲ್ಲಿ ಬಲಗೈ ಬರೀ ಜೊತೆಗಿರುತ್ತದೆ, ತಳ್ಳುವುದೆಲ್ಲ ಎಡಗೈ. ನಾನು ಗೆದ್ದ ಪಂದ್ಯಗಳನ್ನೆಲ್ಲ ಗೆದ್ದುಕೊಟ್ಟಿದ್ದು ಆ ಹೊಡೆತ. ಈಗ ಹಾಗೆ ಹಿಡಿದರೆ ಚೆಂಡು ತಾಗುವ ಹೊತ್ತಿಗೆ ಕೈ ತಾನಾಗಿ ಸಡಿಲವಾಗುತ್ತದೆ. ಎದುರಾಳಿಗಳು ಪೆದ್ದರಲ್ಲ, ಪ್ರತಿ ಚೆಂಡನ್ನೂ ಎಡಕ್ಕೇ ಹಾಕುತ್ತಾರೆ. ಕಾಯಿಲೆ, ಕೀವು, ಆಪರೇಷನ್ ಎಂದು ಕೂತ ಕಾಲದಲ್ಲಿ ಹಳೆಯ ರ‍್ಯಾಂಕಿಂಗ್ ಅಂಕಗಳೆಲ್ಲ ಉದುರಿದವು. ಮತ್ತೆ ಅರ್ಹತಾ ಸುತ್ತಿನ ಬಾಗಿಲಿಗೇ ಬಂದು ನಿಂತೆ.

ಒಂದು ದಿನ ಮಾವನ ಅಂಗಡಿಗೆ ಹೋಗಿ ಗಿರಾಕಿಗಳ ಮುಂದೆಯೇ ಕೂಗಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಮಾವ ತಕ್ಕಡಿಯ ಹಿಂದೆ ತಲೆ ತಗ್ಗಿಸಿ ನಿಂತು, "ನಿನ್ ಒಳ್ಳೇದುಕ್ಕೇ ಕಣವ್ವ ಮಾಡಿದ್ದು" ಅಂದ. ಆ ಒಳ್ಳೆಯದಕ್ಕೆ ಬೆಂಕಿ ಬೀಳಲಿ. ಹಗೆಯವನು ಮಾಡಿದ್ದರೆ ಪೊಲೀಸು, ಕೋರ್ಟು ಅಂತ ಒಂದು ದಾರಿಯಾದರೂ ಇರುತ್ತಿತ್ತು. ನನಗೋಸ್ಕರ ಉರುಳುಗಲ್ಲು ಎಳೆದವನ ಮೇಲೆ ಯಾವ ಠಾಣೆಗೆ ಹೋಗಲಿ? ಎಲ್ಲರೂ ನನ್ನನ್ನು ಪ್ರೀತಿಸಿದರು. ನಾನು ಹೇಗೆ ಆಡುತ್ತೇನೆ ಅಂತ ಮಾತ್ರ ಒಬ್ಬರೂ ಒಂದು ದಿನ ಕಣ್ಣು ಬಿಟ್ಟು ನೋಡಲಿಲ್ಲ.

ಅದಕ್ಕೇ ಈ ವರ್ಷ ಮೈಸೂರಿನಲ್ಲಿ ಟೂರ್ನಿ ಬಂದಾಗ ಅಮ್ಮನಿಗೆ, "ಬರಲೇಬೇಕು. ದೇವರ ಮುಂದೆ ಕೂತರೆ ಮತ್ತೆ ಈ ಮನೆಗೆ ಕಾಲಿಡಲ್ಲ" ಅಂದೆ. ಕರೆದದ್ದು ಪ್ರೀತಿಯಿಂದಲ್ಲ, ನೋಡಿ ನೋಯಲಿ ಅಂತ. ಬಂದಳು. ನೆರಳಿದ್ದ ಕಡೆ ಬಿಟ್ಟು ಬಿಸಿಲಿನ ಬೆಂಚಿನಲ್ಲಿ ಕೂತಳು.

ಎದುರಿನ ಹುಡುಗಿ ನನಗಿಂತ ಚಿಕ್ಕವಳು. ಶುರುವಾದ ಸ್ವಲ್ಪ ಹೊತ್ತಿಗೇ ನನ್ನ ಎಡಬದಿಯನ್ನು ಪತ್ತೆ ಹಚ್ಚಿದಳು. ಎರಡೂ ಕೈ ಹಾಕಿದೆ, ಚೆಂಡು ಬಲೆಗೆ ಬಿತ್ತು. ಮತ್ತೆ ಹಾಕಿದೆ, ಹೊರಗೆ ಹೋಯಿತು. ಆಮೇಲೆ ಎಡಗೈ ತೆಗೆದು ಒಂದೇ ಕೈಯಲ್ಲಿ ಚೆಂಡಿನ ಅಡಿಯನ್ನು ಕೊಯ್ದಂತೆ ಸವರಿ ಸವರಿ ಬಲೆ ದಾಟಿಸಿದೆ. ಅಂಥ ಚೆಂಡಿಗೆ ಯಾರೂ ಹೆದರುವುದಿಲ್ಲ. ಸೋತೆ.

ಬ್ಯಾಗು ಹೊತ್ತು ಬಂದಾಗ ಅಮ್ಮ ನನ್ನ ಮುಖ ನೋಡದೆ ಎಡಗೈಯನ್ನೇ ನೋಡುತ್ತಿದ್ದಳು.

"ಸಣ್ಣೋಳಿದ್ದಾಗ ಎರಡು ಕೈಲಿ ಇಡ್ಕತಿದ್ದೆ" ಅಂದಳು. "ಕೈಲಿ ಬಲ ಸಾಲ್ದೆ ಇಡ್ಕತಾಳೆ, ದೊಡ್ಡೋಳಾದ್ಮೇಲೆ ಬುಟ್‌ಬುಡ್ತಾಳೆ ಅನ್ಕಂಡಿದ್ದೆ ಕಣೆ."

ಕೂಗಾಡಬೇಕು ಅಂತಲೇ ಕರೆಸಿದ್ದೆ. ಸಿಟ್ಟು ಇಳಿದಿರಲಿಲ್ಲ, ಈಗಲೂ ಇಳಿದಿಲ್ಲ.

"ಈಗ ಬುಟ್ಟಿದ್ದೀನಿ ಕಣಮ್ಮ" ಅಂದೆ.