ರಾಷ್ಟ್ರಪತಿ ಕಾಪು ದಾಟಿದ ದಿನ

ನಿವೃತ್ತಿಯಾದ ಮೇಲೆ ನಾನು ಒಬ್ಬ ರಾಷ್ಟ್ರಪತಿಯ ದಿನಚರಿ ಬರೆಯಲು ಕೂತೆ. ಅವರು ತೀರಿಹೋಗಿ ಬಹಳ ಕಾಲವಾಗಿದೆ, ಹೆಸರು ಇಲ್ಲಿ ಬೇಡ. ಅವರು ಆ ಹುದ್ದೆಯಲ್ಲಿದ್ದ ಒಂದೊಂದು ದಿನವೂ ಎಲ್ಲಿದ್ದರು, ಯಾರನ್ನು ಕಂಡರು, ಯಾವ ದಾರಿಯಲ್ಲಿ ಹೋದರು, ಎಲ್ಲಿ ಊಟ ಮಾಡಿದರು ಎಂಬುದನ್ನು ಸರ್ಕಾರಿ ದಾಖಲೆಗಳಿಂದ ಹೆಕ್ಕಿ ತೆಗೆದು, ದಿನಕ್ಕೊಂದು ಟಿಪ್ಪಣಿಯಂತೆ ಪುಸ್ತಕ ಮಾಡುವ ಯೋಜನೆ ಅದು. ಬೆಂಗಳೂರಿನ ಸಂಪಾದಕರೊಬ್ಬರು ಇದನ್ನು ನನಗೆ ಒಪ್ಪಿಸಿದರು. ದೆಹಲಿಯ ದಾಖಲೆಗಳ ಸ್ಕ್ಯಾನ್ ಪ್ರತಿಗಳು ಮಣಿಪಾಲದ ನನ್ನ ಫ್ಲ್ಯಾಟಿಗೆ ಈಮೇಲಿನಲ್ಲಿ ಬರುತ್ತಿದ್ದವು. ಕಾರ್ಕಳದ ಕಾಲೇಜಿನಲ್ಲಿ ಜೀವಮಾನವಿಡೀ ಇತಿಹಾಸ ಕಲಿಸಿದವಳಿಗೆ ಇದು ಕಷ್ಟದ ಕೆಲಸವೇನಲ್ಲ. ಅಲ್ಲದೆ ನನಗೆ ಸಮಯವೊಂದು ಬೇಕಾದಷ್ಟು ಇತ್ತು.

ನನಗೆ 'ಸುಮಾರು' ಎಂಬ ಪದ ಕಂಡರಾಗದು. ಪಾಠ ಮಾಡುವಾಗಲೂ ಹಾಗೆಯೇ, 'ಸುಮಾರು ಆ ಕಾಲದಲ್ಲಿ' ಎಂದು ಬರೆದವರ ಉತ್ತರಕ್ಕೆ ಕೆಂಪು ಗೆರೆ ಎಳೆದೇ ಎಳೆಯುತ್ತಿದ್ದೆ. ಈ ಕೆಲಸಕ್ಕೆ ಆ ಸ್ವಭಾವ ಒಳ್ಳೆಯದೇ ಆಯಿತು. ರಾಷ್ಟ್ರಪತಿ ಎಲ್ಲಿಗಾದರೂ ಹೋಗುವ ಮೊದಲು ಅಚ್ಚುಕಟ್ಟಾದ ಒಂದು ಕಾರ್ಯಕ್ರಮ ಪಟ್ಟಿ ತಯಾರಾಗುತ್ತದೆ. ಹೊಸಬರು ಅದನ್ನೇ ನಂಬಿ ಕೆಡುತ್ತಾರೆ. ಅದು ಆಗಬೇಕಾಗಿದ್ದ ವಿಷಯ, ಆದ ವಿಷಯವಲ್ಲ. ಆದದ್ದು ತಿಳಿಯಬೇಕಾದರೆ ಕಾರಿನವರು ಬರೆದಿಟ್ಟದ್ದನ್ನು ನೋಡಬೇಕು, ಅಡುಗೆಮನೆಯವರು ಎಷ್ಟು ಜನಕ್ಕೆ ಬಡಿಸಿದರು ಎಂದು ನೋಡಬೇಕು, ಪೊಲೀಸರು ಮರುದಿನ ಮೇಲಿನವರಿಗೆ ಏನು ವರದಿ ಕಳುಹಿಸಿದರು ಎಂದು ನೋಡಬೇಕು. ಒಂದು ಮಧ್ಯಾಹ್ನವನ್ನು ಹೊಂದಿಸಲು ನನಗೆ ಕೆಲವೊಮ್ಮೆ ವಾರವೇ ಹಿಡಿಯುತ್ತಿತ್ತು.

ಆ ಮನುಷ್ಯನಿಗೆ ಒಬ್ಬರೇ ಊಟಕ್ಕೆ ಕೂರುವ ಯೋಗವೇ ಇರಲಿಲ್ಲ. ರಾಯಭಾರಿಗಳು, ಮಂತ್ರಿಗಳು, ಶಾಲಾ ಮಕ್ಕಳು, ಪದಕ ಪಡೆದ ಸೈನಿಕರು, ಒಬ್ಬರಾದ ಮೇಲೆ ಒಬ್ಬರು. ಅದನ್ನೆಲ್ಲ ಟೈಪು ಮಾಡುತ್ತಾ ನಾನು ಒಬ್ಬಳೇ ಮಜ್ಜಿಗೆ ಅನ್ನ ಉಣ್ಣುತ್ತಿದ್ದೆ. ನಮ್ಮ ಕಟ್ಟಡದ ತುಂಬ ಕಾಲೇಜಿನ ಹುಡುಗ ಹುಡುಗಿಯರು, ಲಿಫ್ಟಿನಲ್ಲಿ ಎಲ್ಲರ ಕಿವಿಯಲ್ಲೂ ಏನೋ ಸಿಕ್ಕಿಸಿಕೊಂಡಿರುತ್ತದೆ. ಗ್ಯಾಸ್ ಸಿಲಿಂಡರಿನವ ಬಂದರೆ ನಾನು ಅವನೊಡನೆ ನಾಲ್ಕು ಮಾತಾಡದೆ ಬಿಡುತ್ತಿರಲಿಲ್ಲ. ಈಗೀಗ ಅವನೂ ಸಿಲಿಂಡರ್ ಇಟ್ಟವನೇ ಚಪ್ಪಲಿ ಮೆಟ್ಟಿಕೊಳ್ಳುತ್ತಾನೆ.

ಇವರು, ಅಂದರೆ ನನ್ನ ಗಂಡ, ತೀರಿಹೋದ ಮೇಲೆ ಮನೆ ಹೀಗಾಯಿತು ಎಂದು ಜನ ತಿಳಿಯುತ್ತಾರೆ. ನಿಜ ಹೇಳಬೇಕೆಂದರೆ ಮನೆ ಮೊದಲಿನಿಂದಲೂ ಹೀಗೆಯೇ ಇತ್ತು. ಇವರು ಗಲ್ಫಿನ ಒಂದು ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ರಜೆ ಸಿಕ್ಕಾಗ ಬರುತ್ತಿದ್ದರು, ರಜೆ ಮುಗಿದಾಗ ಹೋಗುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ, ಅದಕ್ಕಾದರೂ ಗಂಡ ಹೆಂಡತಿ ಒಂದು ಊರಿನಲ್ಲಿ ಇರಬೇಕಲ್ಲ. ಕೊನೆಗೆ ಎಲ್ಲ ಬಿಟ್ಟು ಊರಿಗೆ ಬಂದಾಗ ಇವರ ಎದೆ ಆಗಲೇ ಸೋತಿತ್ತು, ಹೆಚ್ಚು ಕಾಲ ಉಳಿಯಲಿಲ್ಲ. ಅಷ್ಟು ವರ್ಷಗಳಲ್ಲಿ ಇವರು ಒಮ್ಮೆಯೂ 'ಇನ್ನೊಂದು ದಿನ ಇದ್ದು ಹೋಗುತ್ತೇನೆ' ಎಂದವರಲ್ಲ. ಟಿಕೆಟಿನಲ್ಲಿ ಬರೆದ ದಿನ ಬೆಳಗಾಯಿತೆಂದರೆ ಸೂಟ್‌ಕೇಸು ಬಾಗಿಲ ಬಳಿ ಇರುತ್ತಿತ್ತು. ಈ ಮನುಷ್ಯನಿಗೆ ನನ್ನ ಜೊತೆ ಇರಬೇಕು ಎಂಬ ಆಸೆ ಯಾವಾಗಲಾದರೂ ಇತ್ತೋ ಇಲ್ಲವೋ ಎಂಬುದು ನನಗೆ ಗೊತ್ತಾಗದೆ ಹೋಯಿತು. ಬದುಕಿದ್ದಾಗ ಕೇಳಲು ಅಭಿಮಾನ ಬಿಡಲಿಲ್ಲ. ಈಗ ಕೇಳೋಣವೆಂದರೆ ಆಳಿಲ್ಲ.

ಲೆಕ್ಕಕ್ಕೆ ಮೀರಿ ನನಗೆ ಸಿಕ್ಕಿದ್ದು ಒಂದೇ ಒಂದು ದಿನ. ಅದನ್ನು ಕೊಟ್ಟವರು ಈ ರಾಷ್ಟ್ರಪತಿ. ಅವರ ದಿನಚರಿ ಬರೆಯುವ ಕೆಲಸವನ್ನು ಎರಡನೇ ಮಾತಿಲ್ಲದೆ ಒಪ್ಪಿಕೊಂಡದ್ದು ಅದಕ್ಕಾಗಿಯೇ.

ಆಗ ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಇನ್ನಂಜೆಯಲ್ಲಿ ಗದ್ದೆಯ ಬದಿಯ ಒಂದು ಬಾಡಿಗೆ ಮನೆ, ಮನೆಯಲ್ಲಿ ನಾವಿಬ್ಬರೇ. ಇವರು ಬಜಪೆಯ ವಿಮಾನ ನಿಲ್ದಾಣದಿಂದ ಬೊಂಬಾಯಿಗೆ, ಅಲ್ಲಿಂದ ಮುಂದಕ್ಕೆ ಹೋಗುವುದಿತ್ತು. ಬೆಳಗ್ಗೆ ಬೇಗ ಎದ್ದು, ಬಾಡಿಗೆ ಕಾರು ತರುತ್ತೇನೆಂದು ಕಾಪುವಿಗೆ ನಡೆದುಕೊಂಡು ಹೋದರು. ಅವರು ಕಾರು ತರುವುದರೊಳಗೆ ನಾನು ಹಿತ್ತಿಲ ಬಾವಿಕಟ್ಟೆಯಲ್ಲಿ ಕೂತು ಅಳುವಷ್ಟು ಅತ್ತು, ಮುಖ ತೊಳೆದು ಮುಗಿಸಿದ್ದೆ. ಆದರೆ ಕಾರು ಬರಲಿಲ್ಲ. ಕೈಯಲ್ಲಿ ಬಂಗುಡೆ ಮೀನಿನ ಕಟ್ಟು ಹಿಡಿದುಕೊಂಡು ಇವರೊಬ್ಬರೇ ಬಂದರು.

"ಮಂಗಳೂರಿನ ದಾರಿ ಬಂದ್ ಉಂಟು ಮಾರಾಯ್ತಿ. ರಾಷ್ಟ್ರಪತಿ ಬರುವುದಂತೆ. ಹೆಜಮಾಡಿಯಿಂದ ಈಚೆಗೆ ಒಂದು ಸೈಕಲ್ ಸಹ ಬಿಡುವುದಿಲ್ಲ."

"ಹಾಗಾದರೆ ವಿಮಾನ?"

"ಎಂತ ಮಾಡುವುದು? ನಾಳೆ ಹೋಗುವುದು. ಅವರಿಗೆ ಬೇರೆ ದಿನ ಸಿಗಲಿಲ್ಲ ನೋಡು."

ಹಾಗೆ ಗೊಣಗುತ್ತಲೇ ಅಂಗಿ ಬಿಚ್ಚಿ ಅಡುಗೆಮನೆಗೆ ಹೋದರು. ನನ್ನನ್ನು ಒಳಗೆ ಬಿಡಲಿಲ್ಲ. ಮೆಣಸು ಅರೆದು, ಹುಳಿ ಹಿಂಡಿ ಪುಳಿಮುಂಚಿ ಮಾಡಿದರು, ಅನ್ನ ಬಸಿದರು, ಬಾಳೆಲೆ ಹಾಕಿ ನನಗೆ ಬಡಿಸಿದರು. ಅಷ್ಟು ಒಳ್ಳೆಯ ಮೀನಿನ ಪದಾರ್ಥ ನಾನು ಮತ್ತೆ ತಿಂದಿಲ್ಲ. ಆದರೆ ನನಗೆ ಏನು ಮಾತಾಡುವುದೆಂದು ತಿಳಿಯಲಿಲ್ಲ. ಬೀಳ್ಕೊಟ್ಟಾಗಿದ್ದ ಮನುಷ್ಯ ಮತ್ತೆ ಎದುರಿಗೆ ಕೂತಿದ್ದಾನೆ, ಅತ್ತದ್ದು ಎಲ್ಲ ಬೆಳಗ್ಗೆಯೇ ಮುಗಿದಿದೆ. ಮಧ್ಯಾಹ್ನ ಇವರು ಮಾಡಿಗೆ ಹತ್ತಿ ಒಡೆದ ಹಂಚು ಬದಲಾಯಿಸಿದರು, ನಾನು ಕೆಳಗಿನಿಂದ ಒಂದೊಂದೇ ಹಂಚು ಎತ್ತಿ ಕೊಟ್ಟೆ. ಸಂಜೆ ಜಗಲಿಯಲ್ಲಿ ಕೂತು ಗದ್ದೆಗೆ ಇಳಿದ ಕೊಕ್ಕರೆಗಳನ್ನು ನೋಡಿದೆವು. ಮರುದಿನ ಇವರು ಹೋದರು, ನಾನೂ ಕಾರ್ಕಳಕ್ಕೆ ಹೋಗಿ ಕೆಲಸಕ್ಕೆ ಸೇರಿಕೊಂಡೆ. ಕಾಲೇಜಿನಲ್ಲಿ ಎಲ್ಲರೂ ರಾಷ್ಟ್ರಪತಿಯನ್ನು ನೋಡಿದ ಸಂಭ್ರಮದಲ್ಲಿದ್ದರು. ಅವರು ಬೆಳಗ್ಗೆ ಬಂದರೋ ಸಂಜೆ ಬಂದರೋ ಎಂದು ನಾನು ಕೇಳಲಿಲ್ಲ, ಯಾರು ಕೇಳುತ್ತಾರೆ?

ಇವರ ಮೊದಲ ಕಾಗದದಲ್ಲಿ ಒಂದು ಸಾಲಿತ್ತು. ತಡವಾಗಿ ಬಂದದ್ದಕ್ಕೆ ಒಲೆಯ ಕೆಲಸದಿಂದ ತೆಗೆದು ಪಾತ್ರೆ ತೊಳೆಯುವ ಕಡೆಗೆ ಹಾಕಿದ್ದಾರೆ, ಬೇಸರವೇನಿಲ್ಲ ಎಂದು. ನನಗೆ ರಾಷ್ಟ್ರಪತಿಯ ಮೇಲೆ ಸಿಟ್ಟು ಬಂತು. ಆಮೇಲೆ ಆ ಸಿಟ್ಟು ಹೋಗಿ ತಮಾಷೆಯಾಗಿ ಉಳಿಯಿತು. ಇವರು ರಜೆಗೆ ಬಂದಾಗೆಲ್ಲ, "ನಿಮ್ಮನ್ನು ಒಂದು ದಿನ ಮನೆಯಲ್ಲಿ ಕೂರಿಸಲು ರಾಷ್ಟ್ರಪತಿಯೇ ಬರಬೇಕಾಯಿತು" ಎಂದು ಕೆಣಕುತ್ತಿದ್ದೆ. ಇವರು "ಹ್ಞೂಂ" ಎಂದು ತಟ್ಟೆ ನೋಡುತ್ತಿದ್ದರು. ನಗುತ್ತಲೂ ಇರಲಿಲ್ಲ.

ಕೆಲಸ ಮುಂದುವರಿದು ಆ ದಿನಕ್ಕೆ ಬಂದಾಗ ನಾನು ಮೊದಲು ಹಳೆಯ ಪತ್ರಿಕೆ ನೋಡಿದೆ. ವರದಿ ಸೊಗಸಾಗಿತ್ತು. ಹೆಜಮಾಡಿಯಲ್ಲಿ ಸ್ವಾಗತ, ಉಚ್ಚಿಲದಲ್ಲಿ ದಾರಿಯ ಎರಡೂ ಬದಿ ಜನ, ಕಾಪುವಿನಲ್ಲಿ ಕಾರಿನಿಂದ ಕೈಬೀಸಿದ ರಾಷ್ಟ್ರಪತಿ, ಅಲ್ಲಿಂದ ಉಡುಪಿ, ಕೊನೆಗೆ ಕಾರ್ಕಳ. ದೆಹಲಿಯಿಂದ ಬಂದ ಕಾರ್ಯಕ್ರಮ ಪಟ್ಟಿಯಲ್ಲೂ ಅದೇ ದಾರಿ. ಹಾಗೆಯೇ ಬರೆದು ಕಳುಹಿಸಿದೆ. ಇಡೀ ಪುಸ್ತಕದಲ್ಲಿ ಆ ಒಂದು ಟಿಪ್ಪಣಿಯನ್ನು ಮಾತ್ರ ನಾನು ಪ್ರೀತಿಯಿಂದ ಬರೆದದ್ದು.

ಸಂಪಾದಕರು ಫೋನ್ ಮಾಡಿದರು. "ಮೇಡಂ, ಪಟ್ಟಿ ಮತ್ತು ಪತ್ರಿಕೆ ಸಾಕಾಗುವುದಿಲ್ಲ. ನಿಮ್ಮದೇ ನಿಯಮ."

"ಕಣ್ಣಾರೆ ಕಂಡ ಸಾಕ್ಷಿ ಇದ್ದಾರೆ. ದಾರಿ ಬಂದ್ ಮಾಡಿದ್ದನ್ನು ನನ್ನ ಗಂಡ ನೋಡಿದ್ದಾರೆ."

"ಒಳ್ಳೆಯದಾಯಿತು. ಅವರ ಹತ್ತಿರ ಮಾತಾಡಬಹುದಾ?"

ಸರ್ಕಾರಿ ಕಾಗದ ಹುಡುಕುತ್ತೇನೆ ಎಂದು ಹೇಳಿ ಫೋನ್ ಇಟ್ಟೆ.

ಅವರು ಹೇಳಿದ್ದು ಸರಿಯೇ ಇತ್ತು. ಆ ಕಾಲದಲ್ಲಿ ನಮ್ಮ ಕಡೆಯ ಊರಿನ ವರದಿಗಾರರು ಸುದ್ದಿಯನ್ನು ಕವರಿನಲ್ಲಿ ಹಾಕಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಪತ್ರಿಕಾ ಕಚೇರಿಗೆ ಕಳುಹಿಸುತ್ತಿದ್ದರು. ಕಾರ್ಯಕ್ರಮ ಮುಗಿಯುವವರೆಗೆ ಕಾದರೆ ಬಸ್ಸು ತಪ್ಪುತ್ತದೆ, ಸುದ್ದಿ ಮರುದಿನ ಬರುವುದಿಲ್ಲ. ಹಾಗಾಗಿ ಕಾರ್ಯಕ್ರಮ ಪಟ್ಟಿ ನೋಡಿ ಬೆಳಗ್ಗೆಯೇ ವರದಿ ಬರೆದು, ಜನಸ್ತೋಮವನ್ನೂ ಚಪ್ಪಾಳೆಯನ್ನೂ ಸೇರಿಸಿ ಬಸ್ಸು ಹತ್ತಿಸುವವರು ಇದ್ದರು. ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ಆಗದ ಭಾಷಣವೊಂದನ್ನು ಹೊಗಳಿ ಬರೆದು ಪೇಚಿಗೆ ಸಿಕ್ಕಿದ್ದರು, ನಾವೆಲ್ಲ ನಕ್ಕಿದ್ದೆವು. ಇಷ್ಟು ಗೊತ್ತಿದ್ದವಳು ಈ ಒಂದು ದಿನದ ವರದಿಯನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದೆ.

ಉಡುಪಿ ಜಿಲ್ಲೆ ಬೇರೆಯಾದಾಗ ಮಂಗಳೂರಿನಿಂದ ಬಂದ ಹಳೆಯ ಕಡತಗಳ ಗಂಟುಗಳು ಮಣಿಪಾಲದ ಸರ್ಕಾರಿ ಕಚೇರಿಯಲ್ಲಿದ್ದವು. ಅರ್ಜಿ ಕೊಟ್ಟೆ, ಕೆಲವು ಸಲ ಅಲೆದೆ, ಅನುಮತಿ ಸಿಕ್ಕಿತು. ಅಲ್ಲಿನ ಗುಮಾಸ್ತೆ ಒಬ್ಬಳು ಕಾರ್ಕಳದಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳಂತೆ. ಕೆಂಪು ಬಟ್ಟೆಯ ಗಂಟು ತಂದಿಟ್ಟು, ಫ್ಯಾನು ನನ್ನ ಕಡೆಗೆ ತಿರುಗಿಸಿ ಹೋದಳು. ಆ ತಿಂಗಳಲ್ಲಿ ನನಗಾಗಿ ಯಾರಾದರೂ ಮಾಡಿದ ಕೆಲಸ ಅದೊಂದೇ ಇರಬೇಕು.

ಪೊಲೀಸರ ವೈರ್‌ಲೆಸ್ ಸಂದೇಶದ ಪ್ರತಿ ಗಂಟಿನ ನಡುವೆ ಇತ್ತು. ಹಿಂದಿನ ರಾತ್ರಿಯೇ ಹೊರಟ ಸಂದೇಶ. ಕಾರ್ಯಕ್ರಮವನ್ನು ಹಿಂದುಮುಂದು ಮಾಡಲಾಗಿದೆ. ವಿಮಾನ ನಿಲ್ದಾಣದಿಂದ ಮೂಡುಬಿದಿರೆ ದಾರಿಯಾಗಿ ಮೊದಲು ಕಾರ್ಕಳ, ಆಮೇಲೆ ಉಡುಪಿ. ಹಿಂದಿರುಗುವುದೂ ಅದೇ ದಾರಿಯಲ್ಲಿ. ಕರಾವಳಿ ಹೆದ್ದಾರಿಯ ಬಂದೋಬಸ್ತು ರದ್ದು.

ಒಂದು ಕಾಗದವನ್ನು ನಂಬುವವಳಲ್ಲ ನಾನು. ಮುಂದೆ ಹುಡುಕಿದೆ. ಕಾಪುವಿನ ಪೊಲೀಸರು ಮರುದಿನ ಮೇಲಿನವರಿಗೆ ಕಳುಹಿಸಿದ ವರದಿಯೂ ಸಿಕ್ಕಿತು. ಹೆಜಮಾಡಿಯಿಂದ ಉಡುಪಿಯವರೆಗೆ ವಾಹನ ಸಂಚಾರ ದಿನವಿಡೀ ಎಂದಿನಂತೆ ನಡೆದಿದೆ, ಎಲ್ಲಿಯೂ ಯಾವ ವಾಹನವನ್ನೂ ತಡೆಯಲಾಗಿಲ್ಲ ಎಂದು ಬರೆದು ಸಹಿ ಹಾಕಿದ್ದರು.

ಮೊದಲು ಬಂದ ಯೋಚನೆ, ಇವರಿಗೆ ಯಾರೋ ತಪ್ಪು ಹೇಳಿರಬೇಕು ಎಂಬುದು. ಆದರೆ ಕಾಪು ಪೇಟೆ ಇರುವುದೇ ಹೆದ್ದಾರಿಯ ಮೇಲೆ. ಅಲ್ಲಿ ಒಂದು ಗಳಿಗೆ ನಿಂತರೆ ಸಾಕು, ಮಂಗಳೂರಿಗೆ ಹೋಗುವ ಬಸ್ಸುಗಳು ಹಾರನ್ ಹೊಡೆಯುತ್ತಾ ಮೈಮೇಲೆ ಬರುತ್ತವೆ. ಬಾಡಿಗೆ ಕಾರುಗಳು ನಿಲ್ಲುವುದೂ ಅಲ್ಲಿಯೇ. ಇವರು ಅಲ್ಲಿಗೆ ಹೋಗಿದ್ದಾರೆ, ದಾರಿ ತೆರೆದೇ ಇದ್ದದ್ದನ್ನು ನೋಡಿದ್ದಾರೆ. ಪೇಟೆಯಲ್ಲಿ ರಾಷ್ಟ್ರಪತಿಯ ಮಾತು ಕಿವಿಗೆ ಬಿದ್ದಿದೆ. ಅಷ್ಟು ಸಾಕಾಗಿದೆ. ಮೀನು ತೆಗೆದುಕೊಂಡು ಮನೆಗೆ ಬಂದಿದ್ದಾರೆ.

ನಾನು ಆ ಎರಡು ಹಾಳೆಗಳನ್ನು ಮತ್ತೆ ಮತ್ತೆ ಓದಿದೆ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ, ಇಡೀ ಕಚೇರಿಗೆ ಕೇಳುವಂತೆ ಕೂಗಿ ಹೇಳಬೇಕೆನಿಸುವಷ್ಟು ಸಂತೋಷವಾಯಿತು. ಹೇಳಲು ಯಾರಿದ್ದಾರೆ ಎಂದು ತಲೆಯೆತ್ತಿದಾಗ ಗುಮಾಸ್ತೆ ಬಾಗಿಲಲ್ಲಿ ನಿಂತಿದ್ದಳು.

"ಎಂತ ಟೀಚರ್, ಬೇಕಾದ್ದು ಸಿಕ್ಕಿತಾ?"

"ಸಿಕ್ಕಿತು. ರಾಷ್ಟ್ರಪತಿ ಕಾಪುವಿಗೆ ಬರಲೇ ಇಲ್ಲ."

"ಅಯ್ಯೋ, ಹಾಗಾದರೆ ನೀವು ಬರೆದದ್ದೆಲ್ಲ ಹಾಳಾಯಿತು ಅಲ್ವಾ?"

ಹೌದೆಂದೆ. ಉಳಿದದ್ದನ್ನು ಎಲ್ಲಿಂದ ಶುರು ಮಾಡುವುದು? ಅವಳ ಮನೆಗೆ ಹೋಗುವ ಬಸ್ಸಿನ ಹೊತ್ತಾಗಿತ್ತು. ಗಂಟು ಕಟ್ಟಲು ಅವಳಿಗೆ ನೆರವಾಗಿ, ನಾನು ಹೊರಗೆ ಬಂದೆ.

ಸಂಪಾದಕರಿಗೆ ತಿದ್ದುಪಡಿ ಕಳುಹಿಸಿದೆ. ಈ ದಿನ ರಾಷ್ಟ್ರಪತಿಯವರು ಮೂಡುಬಿದಿರೆ ಮಾರ್ಗವಾಗಿ ಕಾರ್ಕಳಕ್ಕೆ, ಅಲ್ಲಿಂದ ಉಡುಪಿಗೆ ತೆರಳಿದರು, ಕಾಪುವಿಗೆ ಭೇಟಿ ನೀಡಲಿಲ್ಲ. ಅವರು ಶಹಬ್ಬಾಸ್ ಎಂದು ಉತ್ತರಿಸಿ, ಹಾಗಾದರೆ ನಿಮ್ಮ ಸಾಕ್ಷಿ ಹೇಳಿದ್ದು ಏನಾಯಿತು ಎಂದು ಕೇಳಿದ್ದರು. ಸಾಕ್ಷಿಯನ್ನು ಕೈಬಿಡಬಹುದು ಎಂದು ಬರೆದೆ.

ಅಂದು ಸಂಜೆ ಅಡುಗೆಮನೆಯಲ್ಲಿ ನಿಂತು ಇವರಿಗೆ ಬೈದೆ. ನಮ್ಮ ಮನೆಮಾತಿನಲ್ಲಿ, ಜೋರಾಗಿಯೇ. ಒಂದು ಮಾತು ಹೇಳಬಾರದಿತ್ತಾ? ನಾನು ವರ್ಷ ವರ್ಷ ಕೆಣಕುವಾಗ, ಪಾತ್ರೆ ತೊಳೆದದ್ದಕ್ಕೆ ರಾಷ್ಟ್ರಪತಿಯನ್ನು ಶಪಿಸುವಾಗ, ಆ ತಟ್ಟೆಯಿಂದ ಮುಖ ಎತ್ತಬಾರದಿತ್ತಾ? ಹೋಗಲೇಬೇಕೆಂದಿದ್ದ ಮನುಷ್ಯ ಎಂದು ತಿಳಿದು ನಾನು ಇವರನ್ನು ಅಷ್ಟು ಸಲ ಬಸ್ಸು ಹತ್ತಿಸಿದೆ, ಕಾರು ಹತ್ತಿಸಿದೆ, ಬಜಪೆಯ ಬಾಗಿಲವರೆಗೂ ಹೋಗಿ ಬಿಟ್ಟು ಬಂದೆ. ಪ್ರತಿ ಸಲವೂ ಔಷಧಿ ಇಟ್ಟುಕೊಂಡಿರಾ, ಪಾಸ್‌ಪೋರ್ಟ್ ಇದೆಯಾ ಎಂದು ಕೇಳಿದೆ. ಹೋಗಬೇಡಿ ಎಂದು ಒಂದು ಸಲವೂ ಹೇಳಲಿಲ್ಲ. ಹೇಳಿದ್ದರೆ ನಿಲ್ಲುತ್ತಿದ್ದರು.