ದಾಳಿಂಬೆ ಕೆಂಪಿನ ಹವಳ

ಅಂಡಮಾನಿನ ಕಡಲಲ್ಲಿ ಮುಳುಗಿದ ಮೊದಲ ದಿನ ನಾನು ಕಣ್ಣೇ ಬಿಡಲಿಲ್ಲ. ಹವಳದ ಬಣ್ಣ ಹೀಗಿತ್ತು, ಹಾಗಿತ್ತು ಎಂದು ನಿಮ್ಮ ಹೆಂಡತಿಯಾದ ನಾನು ಹೇಳಿದ್ದನ್ನೆಲ್ಲ ನೀವು ನಂಬಿಕೊಂಡು ಮೂರು ವರ್ಷವಾಯಿತು. ಅದೆಲ್ಲ — ಸುಳ್ಳು.

ಮಗಳು ಅಲ್ಲಿ ನರ್ಸ್ ಕೆಲಸಕ್ಕೆ ಸೇರಿದ್ದರಿಂದ ನಾವು ಹೋದದ್ದು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ದಡದಿಂದಲೇ ನಡೆದು ನೀರಿಗಿಳಿದು ಹವಳದ ದಿಬ್ಬ ನೋಡಿಬರಬಹುದು ಎಂದು ಅಲ್ಲಿಯವರು ಹೇಳಿದಾಗ ಕುಣಿದಾಡಿದವರು ನೀವು. ಹಿಂದೂಪುರದಲ್ಲಿ ಬಾಳಿಡೀ ರೇಷ್ಮೆ ನೇಯ್ದವರು — ಬಣ್ಣ ಎಂದರೆ ಊಟ ಬಿಟ್ಟು ಏಳುವವರು. ಆದರೆ ಚಿಕ್ಕಂದಿನಿಂದ ನಿಮ್ಮ ಕಿವಿಯ ಪೊರೆಯಲ್ಲಿ ತೂತು. ಇಳಿಯಕೂಡದು ಎಂದು ಮಗಳು ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ನಿಮ್ಮ ಮುಖ ಚಿಕ್ಕದಾಯಿತು. ಆಮೇಲೆ ನನ್ನ ಕಡೆ ತಿರುಗಿದಿರಿ.

"ನೀನಾನ ಹೋಗ್ಬುಟ್ಟು ಬಾರೇ. ಬಣ್ಣ ನೋಡ್ಕಂಡು ಬಂದು ನಂಗೇಳು."

ಕಲ್ಯಾಣದುರ್ಗದಲ್ಲಿ ಹುಟ್ಟಿದವಳು ನಾನು, ಮೊಣಕಾಲಿನ ಮೇಲೆ ನೀರು ಕಂಡವಳಲ್ಲ. ಆದರೂ ನಿಮ್ಮ ಮುಖ ನೋಡಿ ಹೂಂ ಅಂದೆ. ನೀರೊಳಗೆ ಕರೆದೊಯ್ಯಲು ಬಂದ ಮುಳುಗುಗಾರನ ಕೈ ಬಿಡದೆ ಹಿಡಿದುಕೊಂಡೆ. ತಲೆ ಮುಳುಗಿದ್ದೇ ತಡ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ. ನನ್ನ ಉಸಿರಿನ ಗುಳುಗುಳು ಸದ್ದು ಬಿಟ್ಟರೆ ಬೇರೇನೂ ನನಗೆ ತಿಳಿಯದು.

ದಡಕ್ಕೆ ಬಂದರೆ ನೀವು ನನ್ನ ಚಪ್ಪಲಿಗಳನ್ನು ಎದೆಗವಚಿಕೊಂಡು ನಿಂತಿದ್ದಿರಿ. "ಏಮೇ, ಏನ್ ಕಂಡೆ? ಬಣ್ಣ ಹೇಳೇ, ಬಣ್ಣ!"

ಏನೂ ಕಾಣಲಿಲ್ಲ ಎನ್ನಲು ಬಾಯಿ ಬರಲಿಲ್ಲ. ದಾಳಿಂಬೆ ಕೆಂಪಿನ ಹವಳ, ಅಂಚಿಗೆ ಗಿಳಿಹಸಿರು, ನಡುವೆ ಸಣ್ಣ ಅರಿಶಿನದ ಎಳೆ — ನಾಲಿಗೆ ತಾನೇ ಹೇಳಿಕೊಂಡು ಹೋಯಿತು. ನೀವು ಕಣ್ಣರಳಿಸಿ, "ಎಲ್ಲೋ ನೋಡ್ದಂಗೈತಲ್ಲೇ!" ಎಂದಿರಿ.

ನೋಡಿದ್ದಿರಿ. ಅದು ನನ್ನ ಧಾರೆ ಸೀರೆ. ನೀವೇ ನೇಯ್ದದ್ದು. ಟ್ರಂಕಿನ ತಳ ಸೇರಿ ಎಷ್ಟೋ ಕಾಲವಾಗಿತ್ತು, ನೀವು ಮರೆತಿದ್ದಿರಿ. ನಾನು ಮರೆತಿರಲಿಲ್ಲ.

ಮೊದಲ ದಿನದ್ದು ಹೆದರಿಕೆ ಎನ್ನಬಹುದು. ಮರುದಿನ ಬೇರೊಂದು ದಡದಿಂದ ಇಳಿದಾಗ ಕಣ್ಣು ಬಿಟ್ಟೆ. ನಾನು ಹೇಳಿದ್ದು ಒಂದೂ ಅಲ್ಲಿರಲಿಲ್ಲ. ಆಗಲಾದರೂ ಹೇಳಬಹುದಿತ್ತು — ಹೇಳಲಿಲ್ಲ. "ನಿನ್ನೆ ತರಾನೇ ಇತ್ತೇನೇ?" ಎಂದಿರಿ. "ಅದ್ಕಿಂತ ಚೆನ್ನಾಗಿತ್ತು" ಎಂದೆ. ಅದು ಹೆದರಿಕೆಯಲ್ಲ, ತಪ್ಪು.

ಈಗ ಮಗಳ ಧಾರೆ ಸೀರೆ ನಿಮ್ಮ ಮಗ್ಗದ ಮೇಲಿದೆ, ಅದೇ ಬಣ್ಣಗಳಲ್ಲಿ. ಕಡಲಿನ ಬಣ್ಣ ಎಂದು ಬೀದಿಗೆಲ್ಲ ಸಾರಿದ್ದೀರಿ. ಗಿಳಿಹಸಿರು ಒಂದು ಚೂರು ಕಪ್ಪಾಯಿತೆಂದು ನೂಲಿಗೆ ಬಣ್ಣ ಹಾಕುವವನ ಜೊತೆ ಜಗಳಕ್ಕೇ ನಿಂತಿರಿ. "ನನ್ ಹೆಂಡ್ತಿ ಕಣ್ಣಾರೆ ನೋಡ್ಬುಟ್ಟು ಬಂದವ್ಳೆ ಕಣಪ್ಪ, ನಿಂಗೇನ್ ತಿಳೀತದೆ?" ಒಳಗೆ ಒಲೆಯ ಮುಂದೆ ನಾನು ಭೂಮಿಗಿಳಿದು ಹೋದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನೀವು ನನ್ನ ಮಾತನ್ನೇ ಪ್ರಮಾಣ ಅಂದುಕೊಂಡಿರಿ. ಎಂಥ ಹುಚ್ಚಪ್ಪ ನೀವು — ಎಷ್ಟು ನಂಬುತ್ತೀರಿ!

ಸೆರಗು ಇನ್ನೂ ನೇಯ್ದಿಲ್ಲ. ನಾಳೆ ಅದಕ್ಕೆ ಕೈ ಹಾಕುತ್ತೀರಿ. ಅಷ್ಟರೊಳಗೆ ನನ್ನ ಹಳೆಯ ಸೀರೆ ತಂದು ಮಗ್ಗದ ಪಕ್ಕ ಹಾಸುತ್ತೇನೆ. ಬೈಯಿರಿ, ಮಾತು ಬಿಡಿ, ನಾನು ಎದುರಾಡುವುದಿಲ್ಲ. ನಿಜವಾಗಿ ಕಂಡದ್ದನ್ನು ಮಾತ್ರ ಹೇಳಿಬಿಡುತ್ತೇನೆ — ಆ ಹವಳ ರಾಗಿಹಿಟ್ಟಿನ ಬಣ್ಣದ್ದು. ಸುತ್ತ ಮಬ್ಬು ನೀಲಿ. ಅದರ ಕವಲುಗಳ ನಡುವೆ ಬೆರಳುದ್ದದ ಒಂದೇ ಒಂದು ಮೀನು, ನಿಮ್ಮ ಮಗ್ಗದ ಲಾಳಿಯ ಹಾಗೆ, ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಓಡುತ್ತಿತ್ತು. ನಿಮ್ಮ ನೆನಪಾಗಿ ನೀರೊಳಗೇ ಅಳು ಬಂತು. ಅದೊಂದನ್ನು ನಿಮಗೆ ಹೇಳಲೆಂದೇ ನನ್ನನ್ನು ಕಳಿಸಿದ್ದಿರಿ. ಅದನ್ನೇ ನಿಮ್ಮಿಂದ ಮುಚ್ಚಿಟ್ಟೆ.