ಬಿರುಕಿಗೆ ನಾನೇ ಕಾವಲು

ಕೇಳಿ, ಗೆಳೆಯರೇ! ಇಂದು ಬೆಳಿಗ್ಗೆ ಅಫಜಲಪುರದ ನಮ್ಮ ಮನೆ ಮುಂದೆ ಘೋರ ಯುದ್ಧವೇ ನಡೆಯಿತು. ಹೊಸ ನೀರಿನ ಟಾಕಿಯ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು. ಕಟ್ಟಿದ ಗೌಂಡಿ ಮಹಬೂಬ ಚಾಚಾ ಸಿಮೆಂಟು ಕಲಸಿಕೊಂಡು ಬಂದೇಬಿಟ್ಟರು. ನಾನು ಎರಡೂ ತೋಳು ಚಾಚಿ ಬಿರುಕಿಗೆ ಅಡ್ಡ ನಿಂತೆ.

"ಮುಟ್ಟಬ್ಯಾಡ್ರಿ ಚಾಚಾ! ಈ ಟಾಕಿ ಕಟ್ಟಾಕ ನಾ ತರಿಸಿದ್ದು ತನ್ನ ಬಿರುಕು ತಾನೇ ಮುಚ್ಚಿಕೊಳ್ಳೋ ಸಿಮೆಂಟ್. ಒಳಗ ಸೂಕ್ಷ್ಮಜೀವಿ ಅದಾವ. ನೀರು ಸಿಕ್ಕರ ಸುಣ್ಣ ಮಾಡಿ ಬಿರುಕು ತುಂಬ್ತಾವ."

"ಸರೀರಿ ಆಕಡೆ! ನಾ ಕಟ್ಟಿದ ಟಾಕಿ ಇವತ್ತಿನ ತನಕ ಒಂದೂ ಸೋರಿಲ್ಲ. ಓಣಿ ಮಂದಿ ಇದನ್ನ ನೋಡಿದ್ರ ನಾಳೆ ನನಗ ಕೆಲಸ ಯಾರು ಕೊಡ್ತಾರ್ರಿ?"

"ನೀವು ಮೆತ್ತಿದ್ರ ಅದು ತಾನೇ ಮುಚ್ಚಿತೋ ಇಲ್ಲೋ ಹೆಂಗ ಗೊತ್ತಾಗಬೇಕು? ಒಂದು ತಿಂಗಳು ತಡೀರಿ. ನಾ ಜಗ್ಗೋದಿಲ್ಲ!"

ಚಾಚಾ ಸಿಮೆಂಟು ಮೆತ್ತುವ ಕರಣಿ ಕೆಳಗಿಟ್ಟರು. ಇದ್ದಿಲು ಹುಡುಕಿ ತಂದು ಬಿರುಕಿನ ಪಕ್ಕ ದಪ್ಪ ಅಕ್ಷರದಲ್ಲಿ ಬರೆದರು: 'ಈ ಬಿರುಕು ಮುಚ್ಚದೆ ಬಿಟ್ಟದ್ದು ಮಾಲಕರ ಹಟ. ಗೌಂಡಿಯ ತಪ್ಪಲ್ಲ.'

ಟಾಕಿ ತುಂಬಿಸಿದ್ದೇನೆ, ಗೋಡೆ ಜಿನುಗುತ್ತಿದೆ. ಯಾರ ಕಣ್ಣಿಗೂ ಬೀಳದ ಬಿರುಕನ್ನು ಈಗ ಇಡೀ ಓಣಿ ನಿಂತು ಓದುತ್ತಿದೆ. ಓದಲಿ! ಅದು ಮುಚ್ಚಿದ ದಿನ ಆ ಬರಹದ ಕೆಳಗೆ 'ತಾನೇ ಮುಚ್ಚಿತು' ಎಂದು ಬರೆದು ಸಹಿ ಹಾಕಲು ಚಾಚಾರನ್ನೇ ಕರೆಸುತ್ತೇನೆ.